ಮೊದಲ ಪಂದ್ಯದಲ್ಲೇ ಟೆಕ್ಸಸ್ ಸೋತಿತು, ಸೀಸನ್ ಮುಗಿದೇ ಹೋಯ್ತಾ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಈಗ ಡಲ್ಲಾಸ್ ಹತ್ತಿರ ಫ್ರಿಸ್ಕೊದಲ್ಲಿದ್ದೇವೆ. ಮಗ ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ. ಅವನಿಂದಾಗಿ ನನಗೂ ಅಮೆರಿಕನ್ ಫುಟ್ಬಾಲ್ ಹುಚ್ಚು ಹಿಡಿದಿದೆ. 2025ರ ಆಗಸ್ಟ್ 30ರಂದು ಒಹಾಯೊ ಸ್ಟೇಟ್ ಎದುರು ನಮ್ಮ ತಂಡ 14–7ರಿಂದ ಸೋತಿತಲ್ಲ, ಅವತ್ತಿನಿಂದ ಅವನು ಫೋನಿನಲ್ಲಿ ಸರಿಯಾಗಿ ಮಾತೇ ಆಡುತ್ತಿಲ್ಲ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಆರ್ಚ್ ಮ್ಯಾನಿಂಗ್ ಬರೀ ಮನೆತನದ ಹೆಸರಿನಿಂದ ಮೇಲೆ ಬಂದವನು, ಕೋಚ್ ಸಾರ್ಕಿಸಿಯನ್‌ಗೆ ಒಂದು ಯಾರ್ಡ್ ಗಳಿಸೋಕೂ ಬರಲ್ಲ, ಸೀಸನ್ ಮುಗೀತು ಅಂತಾನೆ. ನನಗೆ ಅರ್ಥವಾಗದ್ದು ಬೇರೆ. ಚೆಂಡು ಮುಂದೊಯ್ದ ದೂರ ನಮ್ಮದು 336 ಯಾರ್ಡ್, ಅವರದು 203. ಜಾಸ್ತಿ ಗಳಿಸಿದವರು ಸೋತಿದ್ದು ಹೇಗೆ? ಒಂದೇ ಪಂದ್ಯ ನೋಡಿ ತಂಡ ಹೇಗಿದೆ ಅಂತ ಹೇಳಬಹುದಾ? ಇನ್ನೊಂದು ಮಾತು, ಅಕ್ಟೋಬರ್ 11ರಂದು ಡಲ್ಲಾಸ್‌ನಲ್ಲಿ ಓಕ್ಲಹೋಮ ಜೊತೆ ಪಂದ್ಯವಿದೆ. ಮೂರು ಟಿಕೆಟ್ ಈಗಲೇ ತೆಗೆಯೋದಾ, ಕಾಯೋದಾ?

ಉತ್ತರ: ನಿಮ್ಮ ಮಗ ಹೇಳುವ ಮೂರು ಮಾತಿನಲ್ಲಿ ಎರಡನ್ನು ಈಗ ಹೇಳೋದು ತಪ್ಪು. ಒಂದರಲ್ಲಿ ಹುರುಳಿದೆ. ಅದು ಆ ಒಂದು ಯಾರ್ಡ್‌ನ ಮಾತು. ಅದಕ್ಕೆ ಆಮೇಲೆ ಬರುತ್ತೇನೆ, ಯಾಕಂದ್ರೆ ಈ ಪಂದ್ಯದಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಅದೊಂದೇ.

ನಾನು ಕಾಲೇಜು ತಂಡಗಳ ವಿಡಿಯೊ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಪಂದ್ಯ ಮುಗಿದ ಮರುದಿನ ಕೋಚ್‌ಗಳು ಕೂತು ಒಂದೊಂದು ಆಟವನ್ನೂ, ಅಂದರೆ ಪಂದ್ಯದ ಒಂದೊಂದು ಯತ್ನವನ್ನೂ, ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ, ಒಬ್ಬೊಬ್ಬ ಆಟಗಾರನಿಗೂ ತನ್ನ ಕೆಲಸ ಮಾಡಿದನೋ ಇಲ್ಲವೋ ಅಂತ ಅಂಕ ಹಾಕುತ್ತಾರೆ. ಆ ಕೋಣೆಯಲ್ಲಿ ಸ್ಕೋರಿನ ಬಗ್ಗೆ ಮಾತು ಕಮ್ಮಿ. ಅಲ್ಲಿ ಕೇಳುವ ಪ್ರಶ್ನೆ ಇಷ್ಟೇ: ಇದು ಒಮ್ಮೆ ಆಗಿಹೋದದ್ದಾ, ಮತ್ತೆ ಮತ್ತೆ ಆಗುವಂಥದ್ದಾ? ನೀವೂ ಈ ಪ್ರಶ್ನೆಯಿಂದಲೇ ಶುರು ಮಾಡಿ.

ಮೊದಲ ಪಂದ್ಯದ ಫಲಿತಾಂಶ ಸೀಸನ್ ಹೇಗಿರುತ್ತೆ ಅಂತ ಹೇಳುತ್ತಾ? ಟೆಕ್ಸಸ್ ತಂಡದ್ದೇ ಇತಿಹಾಸ ನೋಡಿ. 2016ರಲ್ಲಿ ಆಸ್ಟಿನ್‌ನಲ್ಲಿ ನೋಟ್ರ ಡೇಮ್ ತಂಡವನ್ನು ಎರಡು ಓವರ್‌ಟೈಮ್ ಆಡಿ 50–47ರಿಂದ ಸೋಲಿಸಿದರು. ಟೆಕ್ಸಸ್ ಹಳೇ ಗತ್ತಿಗೆ ಮರಳಿತು ಅಂತ ಟಿವಿಯಲ್ಲೇ ಕೂಗಿದರು. ಆ ವರ್ಷ ಟೆಕ್ಸಸ್ 5 ಗೆದ್ದು 7 ಸೋತಿತು, ಕೋಚ್ ಕೆಲಸ ಕಳೆದುಕೊಂಡರು, ನೋಟ್ರ ಡೇಮ್ ಕೂಡ 4–8ಕ್ಕೆ ಇಳಿಯಿತು. ಅಂದರೆ ಅವತ್ತು ನಾವು ಮಹಾಯುದ್ಧ ಅಂತ ನೋಡಿದ್ದು ಎರಡು ದುರ್ಬಲ ತಂಡಗಳ ಆಟ. 2021ರಲ್ಲಿ ಇದೇ ಸಾರ್ಕಿಸಿಯನ್ ತಮ್ಮ ಮೊದಲ ಪಂದ್ಯದಲ್ಲಿ ಲೂಸಿಯಾನ ತಂಡವನ್ನು 38–18ರಿಂದ ಸುಲಭವಾಗಿ ಸೋಲಿಸಿದರು. ಆ ಸೀಸನ್ನೂ 5–7. ಅದೇ 2021ರಲ್ಲಿ ಜಾರ್ಜಿಯ ತಂಡ ಕ್ಲೆಮ್ಸನ್ ಎದುರು 10–3ರಿಂದ ಗೆದ್ದಿತು, ಆದರೆ ಅವರ ಆಫೆನ್ಸ್ (ಚೆಂಡು ಮುಂದೊಯ್ಯುವ ಆಟಗಾರರು) ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸೋದು) ಹೊಡೆಯಲಿಲ್ಲ. ಇದ್ದ ಒಂದೇ ಟಚ್‌ಡೌನ್ ಡಿಫೆನ್ಸ್ ಚೆಂಡು ಕಸಿದು ಓಡಿದ್ದರಿಂದ ಬಂತು. ಇಂಥ ಆಫೆನ್ಸ್ ಇಟ್ಟುಕೊಂಡು ಏನು ಮಾಡ್ತಾರೆ ಅಂದರು ಜನ. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಜಾರ್ಜಿಯವೇ.

ನಮಗೆ ಇದು ಕ್ರಿಕೆಟ್‌ನಿಂದ ಗೊತ್ತಿರುವ ವಿಷಯವೇ ಅಲ್ವಾ. 2013ರ ಐಪಿಎಲ್‌ನಲ್ಲಿ ಮುಂಬೈ ಇಂಡಿಯನ್ಸ್ ತನ್ನ ಮೊದಲ ಪಂದ್ಯವನ್ನು ನಮ್ಮ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಎದುರು 2 ರನ್‌ನಿಂದ ಸೋತಿತ್ತು. ಕಪ್ ಗೆದ್ದದ್ದು ಅವರು. 2015, 2017, 2019, 2020ರಲ್ಲೂ ಮೊದಲ ಪಂದ್ಯ ಸೋತು ಕಪ್ ಎತ್ತಿದರು.

ಕಾಲೇಜು ಫುಟ್ಬಾಲ್‌ನಲ್ಲಿ ಮೊದಲ ಪಂದ್ಯ ಇನ್ನೂ ಜಾಸ್ತಿ ಮೋಸ ಮಾಡಲು ಕಾರಣಗಳಿವೆ. ವೃತ್ತಿಪರರ ಎನ್‌ಎಫ್‌ಎಲ್‌ನಲ್ಲಿ ಸೀಸನ್‌ಗೆ ಮುಂಚೆ ಬೇರೆ ತಂಡಗಳ ಜೊತೆ ಅಭ್ಯಾಸ ಪಂದ್ಯಗಳಿರುತ್ತವೆ. ಕಾಲೇಜಿನವರಿಗೆ ಅದಿಲ್ಲ. ಬೇಸಿಗೆಯೆಲ್ಲ ತಮ್ಮತಮ್ಮಲ್ಲೇ ಆಡಿಕೊಂಡು, ಗಾಯದ ಭಯಕ್ಕೆ ಪೂರ್ತಿ ಬಲ ಹಾಕದೆ, ನೇರವಾಗಿ ಅಸಲಿ ಪಂದ್ಯಕ್ಕೆ ಇಳಿಯುತ್ತಾರೆ. ಎದುರಾಳಿ ಈ ವರ್ಷ ಹೇಗೆ ಆಡ್ತಾರೆ ಅನ್ನೋದಕ್ಕೆ ವಿಡಿಯೊ ಇರೋದಿಲ್ಲ. ಒಹಾಯೊ ಸ್ಟೇಟ್‌ನ ಡಿಫೆನ್ಸ್ ಹೊಣೆ ಈಗ ಮ್ಯಾಟ್ ಪಟ್ರೀಷಿಯ ಅವರದು. ಎನ್‌ಎಫ್‌ಎಲ್‌ನಲ್ಲಿ ಪಳಗಿದ ಕೋಚ್, ಆದರೆ ಈ ಹುಡುಗರ ಜೊತೆ ಇದು ಅವರ ಮೊದಲ ಪಂದ್ಯ. ಅವರು ಏನು ಮಾಡಬಹುದು ಅಂತ ಟೆಕ್ಸಸ್ ಕೋಚ್‌ಗಳು ಊಹೆಯ ಮೇಲೆಯೇ ತಯಾರಾಗಬೇಕಿತ್ತು. ಮೇಲಾಗಿ ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ಚೆಂಡು ಸಿಗೋದೇ ಹತ್ತೋ ಹನ್ನೆರಡೋ ಸಲ. ಅದರಲ್ಲಿ ಎರಡು ಸಲ ಎಡವಟ್ಟಾದರೆ ಫಲಿತಾಂಶವೇ ತಿರುಗುತ್ತದೆ.

ಮೊದಲ ಪಂದ್ಯದಿಂದ ಎರಡನೇ ಪಂದ್ಯಕ್ಕೆ ತಂಡ ಅತಿ ಹೆಚ್ಚು ಸುಧಾರಿಸುತ್ತದೆ ಅಂತ ಕೋಚ್‌ಗಳ ಬಾಯಲ್ಲಿ ಒಂದು ಮಾತಿದೆ. ಅರ್ಧ ನಿಜ. ಸುಮ್ನೆ ಬರುವ ಪೆನಾಲ್ಟಿ, ತಡವಾಗಿ ಮೈದಾನಕ್ಕೆ ಬಂದ ಆಟಗಾರ, ಸಂಕೇತ ಅರ್ಥವಾಗದೆ ನಿಂತುಬಿಟ್ಟವನು, ಕೈಜಾರಿದ ಟ್ಯಾಕಲ್, ಇವೆಲ್ಲ ಒಂದೆರಡು ವಾರದಲ್ಲಿ ಸರಿಹೋಗುತ್ತವೆ, ನಾನೇ ಕಣ್ಣಾರೆ ನೋಡಿದ್ದೇನೆ. ಮುಂದಿನ ಸಾಲಿನಲ್ಲಿ, ಅಂದರೆ ಲೈನ್‌ನಲ್ಲಿ, ನಿಂತ ಹುಡುಗನ ಶಕ್ತಿ, ಹೊರಗಡೆ ಓಡುವವನ ವೇಗ, ಎಸೆಯುವವನ ಕಾಲಿನ ಅಭ್ಯಾಸ, ಇವು ಒಂದು ವಾರದಲ್ಲಿ ಬದಲಾಗೋದಿಲ್ಲ.

ಈಗ ನಿಮ್ಮ 336 ಮತ್ತು 203ರ ಲೆಕ್ಕ. ಯಾರ್ಡ್ ಅಂದರೆ ಎಷ್ಟು ದೂರ ಹೋದರು ಅಷ್ಟೇ, ಯಾವಾಗ ಹೋದರು ಅಂತ ಅದು ಹೇಳೋದಿಲ್ಲ. ಮ್ಯಾನಿಂಗ್ 30 ಎಸೆತದಲ್ಲಿ 17 ತಲುಪಿಸಿ 170 ಯಾರ್ಡ್ ಗಳಿಸಿದರು. ಅದರಲ್ಲಿ ಹೆಚ್ಚಿನದು ಕೊನೇ ಕ್ವಾರ್ಟರ್‌ನಲ್ಲಿ ಬಂತು. ಅಷ್ಟು ಹೊತ್ತಿಗೆ ಒಹಾಯೊ ಸ್ಟೇಟ್ 14–0 ಮುಂದಿತ್ತು. ಮುಂದಿರುವ ತಂಡ ಹಿಂದೆ ಸರಿದು ನಿಲ್ಲುತ್ತದೆ, ದೊಡ್ಡ ಏಟು ಬೀಳದಿದ್ದರೆ ಸಾಕು, ಸಣ್ಣಪುಟ್ಟ ಯಾರ್ಡ್ ಬೇಕಾದರೆ ತಗೊಳ್ಳಿ ಅಂತ ಬಿಡುತ್ತದೆ. ಇತ್ತ ಒಹಾಯೊ ಸ್ಟೇಟ್‌ನ 203 ಕೂಡ ಪೂರ್ತಿ ಸತ್ಯ ಹೇಳೋದಿಲ್ಲ. ಅವರ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್‌ಗೆ ಶುರುವಿನಿಂದ ಆಡಿದ ಮೊದಲ ಪಂದ್ಯ ಇದು. ಕೋಚ್ ರಯನ್ ಡೇ ಅವನ ಮೇಲೆ ಭಾರ ಹಾಕಲಿಲ್ಲ, 20 ಎಸೆತ ಅಷ್ಟೇ. ತಮ್ಮ ಡಿಫೆನ್ಸ್ ನಂಬಿಕೊಂಡು ಜಾಗ್ರತೆಯಾಗಿ ಆಡಿದರು. ಹಾಗಾಗಿ ಟೆಕ್ಸಸ್ ಚೆನ್ನಾಗಿ ಆಡಿಯೂ ದುರದೃಷ್ಟಕ್ಕೆ ಸೋತಿತು ಅನ್ನೋ ಮಾತನ್ನು ನಾನು ಒಪ್ಪಲ್ಲ. ಮೂರು ಕ್ವಾರ್ಟರ್ ಒಹಾಯೊ ಸ್ಟೇಟ್ ತನಗೆ ಬೇಕಾದ ಹಾಗೆ ಪಂದ್ಯ ನಡೆಸಿತು.

ಹಾಗಂತ ಟೆಕ್ಸಸ್ ಡಿಫೆನ್ಸ್‌ಗೆ ಸಲ್ಲಬೇಕಾದದ್ದು ಸಲ್ಲಲೇಬೇಕು. ಹಿಂದಿನ ವರ್ಷದ ಚಾಂಪಿಯನ್ ತಂಡವನ್ನು, ಅವರ ಮನೆಯಲ್ಲೇ, ಒಂದು ಲಕ್ಷಕ್ಕೂ ಹೆಚ್ಚು ಜನರ ಗದ್ದಲದಲ್ಲಿ, ಓಟದಲ್ಲಿ 77 ಯಾರ್ಡ್‌ಗೆ ಕಟ್ಟಿಹಾಕಿದರು. ಎದುರಾಳಿಯ ಓಟ ತಡೆಯೋದು ಸೆಪ್ಟೆಂಬರ್‌ನಲ್ಲಿ ಬಂದರೆ ನವೆಂಬರ್‌ನಲ್ಲೂ ಇರುತ್ತದೆ. ಅದು ಅದೃಷ್ಟದ ಮೇಲೆ ನಿಂತದ್ದಲ್ಲ. ಚೆಂಡು ಕೈಜಾರಿ ಯಾರ ಪಾಲಾಗುತ್ತೆ ಅನ್ನೋದು ಬೇರೆ ವಿಷಯ, ಅದು ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ. ಈ ಪಂದ್ಯದಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟದ್ದು ಈ ಡಿಫೆನ್ಸ್. ಮಗನಿಗೆ ಇದನ್ನು ಖಂಡಿತ ಹೇಳಿ.

ಮ್ಯಾನಿಂಗ್ ವಿಷಯಕ್ಕೆ ಬರೋಣ. ತಾತ ಆರ್ಚಿ, ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ, ಮೂವರೂ ಎನ್‌ಎಫ್‌ಎಲ್‌ನ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳು, ಇಂಥ ಮನೆಯಿಂದ ಬಂದ ಹುಡುಗನ ಮೇಲೆ ಎಲ್ಲರ ಕಣ್ಣು ಬೀಳೋದು ಸಹಜ. ಆದರೆ ಇದು ಅವನು ಶುರುವಿನಿಂದ ಆಡಿದ ಮೂರನೇ ಪಂದ್ಯ, ಪರಊರಿನಲ್ಲಿ ಮೊದಲನೆಯದು. ಹಿಂದಿನ ಎರಡೂ ಕಳೆದ ವರ್ಷ ಆಸ್ಟಿನ್‌ನಲ್ಲಿ, ಇಷ್ಟು ಬಲವಿಲ್ಲದ ತಂಡಗಳ ಎದುರು. ಅವನು ಬರೀ ಹೆಸರು ಅನ್ನೋದಕ್ಕೆ ಇಷ್ಟು ಸಾಕಾಗಲ್ಲ, ಅವನೇ ದೇಶದ ಅತ್ಯುತ್ತಮ ಅಂತ ಬೇಸಿಗೆಯಲ್ಲಿ ಬರೆದರಲ್ಲ, ಅದಕ್ಕೂ ಸಾಕಾಗಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ತಪ್ಪು ಮಾಡಿದಾಗ ನಾವು ಎರಡು ಪಟ್ಟಿ ಮಾಡುತ್ತೇವೆ. ಯಾರಿಗೆ ಎಸೆಯಬೇಕು ಅಂತ ತಪ್ಪಾಗಿ ಆರಿಸಿಕೊಂಡದ್ದು ಒಂದು. ಸರಿಯಾಗಿ ಆರಿಸಿ, ಎಸೆತವೇ ಕೆಟ್ಟದ್ದು ಇನ್ನೊಂದು. ಮೊದಲನೆಯದು ಆಡ್ತಾ ಆಡ್ತಾ ಕಮ್ಮಿಯಾಗುತ್ತದೆ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳೋದಿಲ್ಲ. ಎರಡನೆಯದನ್ನು ಗಮನಿಸಬೇಕು. ಅವತ್ತು ಹಲವು ಸಲ ಅವನು ಪಾದ ಊರದೆ, ತೋಳನ್ನು ಪಕ್ಕಕ್ಕೆ ಬೀಸಿ ಎಸೆದ, ಚೆಂಡು ಕೆಳಗೆ ಇಲ್ಲವೇ ಆಚೆ ಹೋಯಿತು. ಮೈಮೇಲೆ ಎದುರಾಳಿ ಬಂದಾಗ ಹಾಗಾದರೆ ಅದು ಲೈನ್‌ನ ತಪ್ಪು. ಸುತ್ತ ಯಾರೂ ಇಲ್ಲದಾಗಲೂ ಹಾಗೇ ಆದರೆ ಅದು ಅಭ್ಯಾಸ, ಸೀಸನ್ ನಡುವೆ ಅದನ್ನು ಬದಲಿಸೋದು ಕಷ್ಟ. ಮುಂದಿನ ಪಂದ್ಯಗಳಲ್ಲಿ ಅವನು ಎಸೆಯುವಾಗ ಚೆಂಡಿನ ಹಿಂದೆ ಹೋಗಬೇಡಿ, ಅವನ ಕಾಲು ನೋಡಿ.

ಈಗ ಆ ಒಂದು ಯಾರ್ಡ್. ನಿಮಗೆ ಗೊತ್ತಿರುವ ಹಾಗೆ ಹತ್ತು ಯಾರ್ಡ್ ಗಳಿಸೋಕೆ ನಾಲ್ಕು ಯತ್ನ, ಅಂದರೆ ನಾಲ್ಕು ಡೌನ್. ನಾಲ್ಕನೇ ಡೌನ್‌ನಲ್ಲಿ ಒದ್ದು ಚೆಂಡು ಬಿಟ್ಟುಕೊಡದೆ ಟೆಕ್ಸಸ್ ಐದು ಸಲ ಮುಂದೆ ನುಗ್ಗಲು ನೋಡಿತು. ಒಂದೇ ಸಲ ಗೆದ್ದಿತು. ಸಾಮಾನ್ಯವಾಗಿ ಇಂಥವು ಅರ್ಧದಷ್ಟಾದರೂ ಸಿಗುತ್ತವೆ, ಆದ್ದರಿಂದ ಐದರಲ್ಲಿ ಒಂದು ಅನ್ನೋದರಲ್ಲಿ ಸ್ವಲ್ಪ ದುರದೃಷ್ಟ ಇದ್ದೇ ಇದೆ. ಇಷ್ಟೇ ಆಗಿದ್ದರೆ ನಾನು ಮುಂದೆ ಹೋಗುತ್ತಿದ್ದೆ. ಆದರೆ ಮೂರನೇ ಕ್ವಾರ್ಟರ್‌ನಲ್ಲಿ ಗೋಲ್ ಗೆರೆಯಿಂದ ಒಂದು ಯಾರ್ಡ್ ದೂರದಲ್ಲಿ ನಾಲ್ಕನೇ ಡೌನ್ ಇತ್ತು, ಮ್ಯಾನಿಂಗ್ ಚೆಂಡು ಹಿಡಿದು ತಲೆ ತಗ್ಗಿಸಿ ನುಗ್ಗಿದ, ಅಲ್ಲೇ ನಿಲ್ಲಿಸಿಬಿಟ್ಟರು. ಇದನ್ನು ನೋಡಿ ನನಗೆ 2025ರ ಜನವರಿ 10ರ ರಾತ್ರಿ ನೆನಪಾಯಿತು. ಕಾಟನ್ ಬೌಲ್ ಹೆಸರಿನ ಸೆಮಿಫೈನಲ್ ಪಂದ್ಯ, ಇದೇ ಒಹಾಯೊ ಸ್ಟೇಟ್, ಟೆಕ್ಸಸ್ 7 ಅಂಕ ಹಿಂದೆ. ಅವತ್ತೂ ಒಂದು ಯಾರ್ಡ್ ಗೆರೆಯಲ್ಲಿ ಮೊದಲ ಡೌನ್ ಸಿಕ್ಕಿತ್ತು. ಒಂದು ಓಟ ಎಲ್ಲೂ ಹೋಗಲಿಲ್ಲ, ಅಗಲಕ್ಕೆ ಎಸೆದು ಓಡಿಸಿದ್ದು 7 ಯಾರ್ಡ್ ಹಿಂದಕ್ಕೆ ಬಂತು, ಕೊನೆಗೆ ಒಹಾಯೊ ಸ್ಟೇಟ್‌ನ ಜ್ಯಾಕ್ ಸಾಯರ್ ಟೆಕ್ಸಸ್ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಬೀಳಿಸಿ 83 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. 28–14. ಎರಡು ಪಂದ್ಯ, ಎರಡು ಬೇರೆ ಕ್ವಾರ್ಟರ್‌ಬ್ಯಾಕ್, ಅದೇ ಜಾಗ, ಅದೇ ಕತೆ. ಇದು ಮರುಕಳಿಸುವ ಪಟ್ಟಿಗೆ ಸೇರುವಂಥದ್ದು.

ಕಾರಣ ಲೈನ್‌ನಲ್ಲಿದೆ ಅಂತ ನನ್ನ ಅಂದಾಜು. ಕಳೆದ ವರ್ಷ ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತಿದ್ದ ಐವರಲ್ಲಿ ನಾಲ್ವರು ಹೋಗಿದ್ದಾರೆ. ಅವರಲ್ಲಿ ಕೆಲ್ವಿನ್ ಬ್ಯಾಂಕ್ಸ್ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸೋದು) 9ನೆಯವನಾಗಿ ಆಯ್ಕೆಯಾದ ಹುಡುಗ. ಅಂಥವನಿದ್ದಾಗಲೇ ಒಂದು ಯಾರ್ಡ್ ಸಿಕ್ಕಿರಲಿಲ್ಲ. ಲೈನ್‌ನ ಐವರು ಒಟ್ಟಿಗೆ ಆಡಿ ಆಡಿ ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಹೇಳದೆಯೇ ಗೊತ್ತಾಗಬೇಕು, ಅದಕ್ಕೆ ತಿಂಗಳುಗಳು ಬೇಕು. ಸಮಾಧಾನದ ವಿಷಯ ಒಂದಿದೆ: ಮೈದಾನದ ನಡುವೆ ಇದೇ ಲೈನ್ ಓಟದಲ್ಲಿ 166 ಯಾರ್ಡ್ ಗಳಿಸಿಕೊಟ್ಟಿತು. ಜಾಗ ಇರುವಲ್ಲಿ ಸರಿ, ಇಕ್ಕಟ್ಟಿನಲ್ಲಿ ಇಲ್ಲ.

ಇನ್ನು ಕೋಚ್ ಮುಂದೆ ಏನಿದೆ? ಮ್ಯಾನಿಂಗ್‌ನನ್ನೇ ಜಾಸ್ತಿ ಓಡಿಸಬಹುದು. ದೊಡ್ಡ ಮೈ, ಒಳ್ಳೆ ಓಟ. ಆದರೆ ಗಾಯವಾದರೆ ನಿಜವಾಗಿಯೂ ಸೀಸನ್ ಮುಗಿಯುತ್ತದೆ, ಸೆಪ್ಟೆಂಬರ್‌ನ ಸಣ್ಣ ಪಂದ್ಯಗಳಲ್ಲಿ ಆ ಅಪಾಯ ತಗೊಳ್ಳೋದು ಬೇಡ ಅಂತ ನನಗನ್ನಿಸುತ್ತೆ, ಅಕ್ಟೋಬರ್‌ಗೆ ಉಳಿಸಿಕೊಳ್ಳಲಿ. ಕೊನೇ ಕ್ವಾರ್ಟರ್‌ನಲ್ಲಿ ಆಡಿದ ಹಾಗೆ ಶುರುವಿನಿಂದಲೇ ವೇಗವಾಗಿ ಆಡಬಹುದು, ಎದುರಾಳಿಗೆ ತನ್ನ ಡಿಫೆನ್ಸ್ ಜೋಡಣೆ ಬದಲಿಸಲು ಸಮಯ ಸಿಗಲ್ಲ. ಆದರೆ ಮೂರೇ ಆಟಕ್ಕೆ ಚೆಂಡು ಬಿಟ್ಟುಕೊಟ್ಟರೆ ತಮ್ಮ ಡಿಫೆನ್ಸ್‌ನ ಹುಡುಗರು ನೀರು ಕುಡಿಯುವಷ್ಟರಲ್ಲಿ ಮತ್ತೆ ಮೈದಾನದಲ್ಲಿರುತ್ತಾರೆ. ಸಣ್ಣ ಸಣ್ಣ ಎಸೆತ ಹಾಕಿ ಹುಡುಗನಿಗೆ ಧೈರ್ಯ ತುಂಬಬಹುದು. ಅದನ್ನೇ ಮಾಡಿದರೆ ಎದುರಾಳಿ ಮುಂದೆ ಬಂದು ಕೂರುತ್ತಾರೆ, ಆಗ ಓಟಕ್ಕೂ ಜಾಗ ಇರೋದಿಲ್ಲ.

ಗೋಲ್ ಗೆರೆಯಲ್ಲಿ ಸುಮ್ನೆ ಒದ್ದು 3 ಅಂಕ ತಗೋಬೇಕಿತ್ತು ಅಂತ ಬಹಳ ಜನ ಹೇಳುತ್ತಿದ್ದಾರೆ. ನಾನು ಒಪ್ಪಲ್ಲ. ಒಂದು ಯಾರ್ಡ್ ದೂರದಿಂದ ನುಗ್ಗಿ ವಿಫಲವಾದರೂ ಎದುರಾಳಿ ತನ್ನದೇ ಗೋಲ್ ಗೆರೆಗೆ ಬೆನ್ನು ಹಚ್ಚಿ ಆಟ ಶುರು ಮಾಡಬೇಕು. ನುಗ್ಗುವ ತೀರ್ಮಾನ ಸರಿ ಇತ್ತು. ಹೇಗೆ ನುಗ್ಗಿದರು ಅನ್ನೋದರ ಬಗ್ಗೆ ಸಾರ್ಕಿಸಿಯನ್‌ರನ್ನು ಪ್ರಶ್ನೆ ಮಾಡಬಹುದು, ಮಾಡಲೇಬೇಕು. ಯಾವ ಆಟ ಅಂತ ಆರಿಸೋದು ಅವರೇ.

ಸೀಸನ್ ಮುಗೀತು, ಅಂದರೆ ಪ್ಲೇಆಫ್ (ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಹಂತ) ಹೋಯಿತು ಅನ್ನೋದಂತೂ ಹಳೇ ಕಾಲದ ಲೆಕ್ಕ. ನಾಲ್ಕೇ ತಂಡಕ್ಕೆ ಜಾಗವಿದ್ದಾಗ ಒಂದು ಸೋಲು ಎದೆ ನಡುಗಿಸುತ್ತಿತ್ತು. 2024ರಿಂದ 12 ತಂಡ. ಮೊದಲ ವರ್ಷವೇ ಒಹಾಯೊ ಸ್ಟೇಟ್ ಓರೆಗನ್‌ಗೆ ಸೋತು, ಮಿಷಿಗನ್‌ಗೂ ಸೋತು, ಕೊನೆಗೆ ಚಾಂಪಿಯನ್ ಆಯಿತು. ಫೈನಲ್‌ನಲ್ಲಿ ಅವರು 34–23ರಿಂದ ಸೋಲಿಸಿದ ನೋಟ್ರ ಡೇಮ್ ಸೀಸನ್ನಿನ ಎರಡನೇ ಪಂದ್ಯದಲ್ಲಿ ನಾರ್ದರ್ನ್ ಇಲಿನಾಯ್ ಅನ್ನೋ ಸಣ್ಣ ತಂಡಕ್ಕೆ, ಅದೂ ತಮ್ಮ ಮನೆಯಲ್ಲೇ, 16–14ರಿಂದ ಸೋತಿತ್ತು. ಟೆಕ್ಸಸ್ ಪತ್ರಕರ್ತರ ಮತದಿಂದ ತಯಾರಾಗುವ ಎಪಿ ರ‍್ಯಾಂಕಿಂಗ್ ಪಟ್ಟಿಯಲ್ಲಿ 1ರಿಂದ 7ಕ್ಕೆ ಇಳಿದಿದೆ, ಅಷ್ಟೇ. ಬಲಿಷ್ಠ ತಂಡದ ಮನೆಯಲ್ಲಿ 7 ಅಂಕದಿಂದ ಸೋತದ್ದನ್ನು ಪ್ಲೇಆಫ್ ತಂಡಗಳನ್ನು ಆರಿಸುವ ಸಮಿತಿ ದೊಡ್ಡ ಕಳಂಕ ಅಂತ ನೋಡೋದಿಲ್ಲ. ಆದರೆ ತಪ್ಪಿಗೆ ಇದ್ದ ಜಾಗದಲ್ಲಿ ಒಂದು ಪಾಲು ಖರ್ಚಾಗಿದೆ. ಮುಂದೆ ಫ್ಲಾರಿಡಾ ಮತ್ತು ಜಾರ್ಜಿಯ ಎರಡೂ ಅವರ ಮನೆಯಲ್ಲಿವೆ, ಕೊನೆಗೆ ಟೆಕ್ಸಸ್ ಎ ಅಂಡ್ ಎಂ ಇದೆ. ಇನ್ನೆರಡು ಸೋತರೆ ಮಾತು ಬೇರೆಯಾಗುತ್ತದೆ.

ನನ್ನ ದೊಡ್ಡ ಎಚ್ಚರಿಕೆ ಮುಂದಿನ ಮೂರು ವಾರದ ಬಗ್ಗೆ. ಸೆಪ್ಟೆಂಬರ್ 6ಕ್ಕೆ ಸ್ಯಾನ್ ಹೋಸೆ ಸ್ಟೇಟ್, ಆಮೇಲೆ ಯುಟೆಪ್, ಸ್ಯಾಮ್ ಹ್ಯೂಸ್ಟನ್, ಮೂರೂ ಆಸ್ಟಿನ್‌ನಲ್ಲೇ. ಟೆಕ್ಸಸ್ ದೊಡ್ಡ ಅಂತರದಿಂದ ಗೆಲ್ಲಬೇಕಾದ ಪಂದ್ಯಗಳು ಇವು. ಗೆದ್ದಾಗ ನಿಮ್ಮ ಮಗ ಕುಣಿಯುತ್ತಾನೆ, ಎಲ್ಲ ಸರಿಹೋಯ್ತು ಅಂತಾನೆ. ಆ ಸ್ಕೋರನ್ನೂ ಈ 14–7ರಷ್ಟೇ ಅನುಮಾನದಿಂದ ನೋಡಿ. ನೀವಿಬ್ಬರೂ ಸೇರಿ ಒಂದು ಪುಟ್ಟ ಲೆಕ್ಕ ಇಡಿ. ಮೊದಲ ಡೌನ್‌ನಲ್ಲಿ ಬೇಕಾದ ಯಾರ್ಡ್‌ನ ಅರ್ಧ ಸಿಕ್ಕರೆ ಆ ಆಟ ಪಾಸ್. ಎರಡನೆಯದರಲ್ಲಿ ಉಳಿದದ್ದರ ನೂರಕ್ಕೆ 70 ಬೇಕು. ಮೂರು ಮತ್ತು ನಾಲ್ಕನೆಯದರಲ್ಲಿ ಪೂರ್ತಿ. ಕೋಚ್‌ಗಳೂ ವಿಶ್ಲೇಷಕರೂ ಬಳಸುವ ಅಳತೆ ಇದೇ. ನೂರಕ್ಕೆ 40ರ ಆಸುಪಾಸು ಅಂದರೆ ಸಾಧಾರಣ ತಂಡ. ಇಂಥ ಸಣ್ಣ ತಂಡಗಳ ಎದುರು ಅದು 50 ದಾಟದಿದ್ದರೆ, 40 ಅಂಕದಿಂದ ಗೆದ್ದರೂ ನಾನು ಚಿಂತೆ ಮಾಡುತ್ತೇನೆ. ಒಂದು ತಂಡ ತುಂಬ ಮುಂದೆ ಹೋದ ಮೇಲೆ ಲೆಕ್ಕ ನಿಲ್ಲಿಸಿಬಿಡಿ, ಆಮೇಲಿನದು ಬದಲಿ ಆಟಗಾರರ ಆಟ. ಒಂದೋ ಎರಡೋ ಯಾರ್ಡ್ ಬೇಕಿರುವ ಮೂರನೇ ನಾಲ್ಕನೇ ಡೌನ್‌ಗಳನ್ನು ಮಾತ್ರ ಬೇರೆ ಬರೆದಿಟ್ಟುಕೊಳ್ಳಿ. ಅಕ್ಟೋಬರ್ 4ರಂದು ಫ್ಲಾರಿಡಾಕ್ಕೆ ಹೋಗುವ ಹೊತ್ತಿಗೆ ಆ ಪುಟ ನೋಡಿದರೆ ಟೆಕ್ಸಸ್ ಏನು ಕಲಿತಿದೆ ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನು ಟಿಕೆಟ್. ಓಕ್ಲಹೋಮ ಪಂದ್ಯ ನಡೆಯೋದು ಹಳೇ ಕಾಟನ್ ಬೌಲ್ ಮೈದಾನದಲ್ಲಿ, 92,000ಕ್ಕೂ ಹೆಚ್ಚು ಸೀಟು, ಅರ್ಧ ಅವರಿಗೆ ಅರ್ಧ ನಿಮಗೆ. ಸುತ್ತ ಟೆಕ್ಸಸ್ ಸ್ಟೇಟ್ ಫೇರ್ ಜಾತ್ರೆ ನಡೆಯುತ್ತಿರುತ್ತದೆ, ಪಂದ್ಯದ ಟಿಕೆಟ್ ಇದ್ದರೆ ಅದಕ್ಕೂ ಪ್ರವೇಶ. ಇದು ಹಠದ ಪಂದ್ಯ. ಒಂದು ಸೋಲಿನಿಂದ ಬೇಡಿಕೆ ಬೀಳೋದಿಲ್ಲ. ಕಾದರೆ ಲಾಭ ಆಗಬಹುದು, ಆದರೆ ಅದಕ್ಕೆ ಟೆಕ್ಸಸ್ ಹಿಂದಿನ ವಾರ ಫ್ಲಾರಿಡಾದಲ್ಲಿ ಸೋಲಬೇಕು. ಗೆದ್ದರೆ ಬೆಲೆ ಏರುತ್ತದೆ, ಮೂರು ಸೀಟು ಒಟ್ಟಿಗೆ ಸಿಗೋದೂ ಕಷ್ಟ. ಮಗನ ಪಕ್ಕ ಕೂತು ನೋಡಬೇಕು ಅನ್ನೋದೇ ನಿಮ್ಮ ಆಸೆ ಅಂತ ಪತ್ರ ಓದಿದಾಗ ನನಗನ್ನಿಸಿತು. ಹಾಗಿದ್ದರೆ ಈಗಲೇ ತೆಗೆದುಬಿಡಿ, ಟೆಕ್ಸಸ್ ಬಣ್ಣದ ಕಡೆಯೇ ಸೀಟು ಇದೆಯಾ ಅಂತ ನೋಡಿ ತೆಗೆಯಿರಿ.